ಕ್ವೇಲ್ ಫಾರಂನ 'ಗಂಡು ವಾಪಸ್' ಸೇವೆ: ಹೋಗಬಹುದು, ಆದ್ರೆ ಪಂಜರ ಮಾತ್ರ ಬೇಡ

ಹಿತ್ತಲಲ್ಲಿ ಮೊಟ್ಟೆಗೆ, ಮಾಂಸಕ್ಕೆ ಅಂತ ಕ್ವೇಲ್ (ಗೌಜಲಕ್ಕಿ ಜಾತಿಯ, ಅಂಗೈಯಲ್ಲಿ ಹಿಡಿಸುವ ಹಕ್ಕಿ) ಸಾಕುವವರಿಗೆ ಮರಿ ಸಿಗುವುದು ಕಷ್ಟವಲ್ಲ. ಗಂಡುಗಳನ್ನು ಏನು ಮಾಡುವುದು ಅನ್ನುವುದೇ ಕಷ್ಟ. ಒಡೆದು ಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಇರುತ್ತವೆ. ಬೇಕಾಗುವುದು ನಾಲ್ಕೈದು ಹೆಣ್ಣಿಗೆ ಒಂದು, ಅದೂ ಮರಿ ಮಾಡಿಸುವ ಆಸೆ ಇದ್ದರೆ ಮಾತ್ರ. ಉಳಿದವು ಆರೇಳು ವಾರ ತುಂಬುವ ಹೊತ್ತಿಗೆ ಗೂಡನ್ನೇ ಗರಡಿಮನೆ ಮಾಡಿಬಿಡುತ್ತವೆ. ಮರಿ ಮಾರುವವರು ಈ ವಿಷಯ ಬಾಯಿಬಿಟ್ಟು ಹೇಳುವುದೇ ಇಲ್ಲ.

ಹೇಳುವವರು ಒಬ್ಬರು ಸಿಕ್ಕಿದರು. ಅದಕ್ಕೇ ಈ ರಿವ್ಯೂ. ತುಮಕೂರಿನಿಂದ ಕುಣಿಗಲ್ ಕಡೆ ಹೋಗುವಾಗ ಒಳದಾರಿಯಲ್ಲಿ ಒಂದು ಸಣ್ಣ ಫಾರಂ, ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಕೆಲವು ತಕರಾರೂ ಬರೆಯುವುದಿದೆ, ಹಾಗಾಗಿ ಹೆಸರು ಹಾಕುವುದಿಲ್ಲ. ಇಂಥ ಫಾರಂ ಈಗ ಬಹಳ ಕಡೆ ಇವೆ, ನಿಮ್ಮ ಊರಿನದ್ದಕ್ಕೆ ಹೋದಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು. ಇವರು ನಾಲ್ಕು ವಾರದ ಹಕ್ಕಿಗಳನ್ನು ಗಂಡು ಹೆಣ್ಣು ಬೇರೆ ಮಾಡಿ ಕೊಡುತ್ತಾರೆ. ನಮ್ಮಲ್ಲಿ ಹೆಚ್ಚಾದ ಗಂಡುಗಳನ್ನು ವಾಪಸ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ಅಲ್ಲೇ ಕೊಯ್ದು ಕ್ಲೀನ್ ಮಾಡಿ ಕೊಡುತ್ತಾರೆ. ಪಂಜರವನ್ನೂ ಮಾರುತ್ತಾರೆ. ಗೇಟಿನ ಹತ್ತಿರ 'ಹೆಚ್ಚಾದ ಗಂಡು ವಾಪಸ್ ಪಡೆಯಲಾಗುವುದು' ಅಂತ ಬೋರ್ಡ್ ಬರೆಸಿದ್ದಾರೆ. ಜತೆಗೆ ಬಂದಿದ್ದ ನಮ್ಮ ನಾದಿನಿ ಅದನ್ನು ಓದಿ "ಅತ್ತಿಗೆ, ಅಣ್ಣನ್ನೂ ತಗೋತಾರಾ ಕೇಳಿ" ಅಂದಳು.

ಮೊದಲು ಬೇರೆ ಮಾಡಿ ಕೊಡುವ ಸೇವೆ. ಇಲ್ಲಿ ಒಂದು ದಿನದ ಮರಿ 10 ರೂಪಾಯಿ ಆಸುಪಾಸು, ನಾಲ್ಕು ವಾರದ ಹೆಣ್ಣಾದರೆ 50ರ ಹತ್ತಿರ. ಕೇಳಿದ ತಕ್ಷಣ ಯಾರಿಗಾದರೂ ಮರಿಯೇ ಲಾಭ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ನಿಧಾನಕ್ಕೆ ಇಳಿಸುತ್ತಾ ಎರಡು ಮೂರು ವಾರ ಬಲ್ಬ್ ಉರಿಸಬೇಕು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಜೀವ ಅದು, ನೀರಿನ ತಟ್ಟೆಯಲ್ಲೇ ಮುಳುಗಿ ಸಾಯುತ್ತದೆ, ಹಾಗಾಗಿ ತಟ್ಟೆ ತುಂಬಾ ಗೋಲಿ ಹಾಕಿ ಸಂದಿಯಲ್ಲಿ ಮಾತ್ರ ನೀರು ನಿಲ್ಲುವ ಹಾಗೆ ಮಾಡಬೇಕು. ತಿಂಡಿಯಲ್ಲಿ 24 ಪರ್ಸೆಂಟ್ ಹತ್ತಿರ ಪ್ರೋಟೀನ್ ಇರಬೇಕು. ಇಷ್ಟೆಲ್ಲ ಮಾಡಿ ಬದುಕಿಸಿದ ಮೇಲೆ ಅರ್ಧ ಗಂಡು ಅಂತ ಗೊತ್ತಾಗುತ್ತದೆ. ಅಂದರೆ ಪ್ರತಿ ಹೆಣ್ಣಿನ ಜತೆ ಒಂದು ಗಂಡಿಗೂ ತಿಂಡಿ, ಕರೆಂಟು, ಜಾಗ ಎಲ್ಲ ನಾವೇ ಕೊಟ್ಟ ಹಾಗೆ. ಬರೀ ಮೊಟ್ಟೆ ಬೇಕು ಅನ್ನುವವರು 50 ಕೊಟ್ಟು ಹೆಣ್ಣೇ ತರುವುದು ವಾಸಿ.

ಇನ್ನೊಂದು ವಿಷಯ, ಬಹಳ ಜನ ಇದನ್ನು ನಂಬುವುದೇ ಇಲ್ಲ. ಮೊಟ್ಟೆ ಇಡುವುದಕ್ಕೆ ಗಂಡು ಬೇಕೇ ಇಲ್ಲ. ಗಂಡು ಇಲ್ಲದೆ ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೇ. ರುಚಿ, ಗಾತ್ರ, ಎಷ್ಟು ಇಡುತ್ತದೆ ಅನ್ನುವುದು ಯಾವುದೂ ಬದಲಾಗುವುದಿಲ್ಲ. ಚೆನ್ನಾಗಿ ಸಾಕಿದ ಹೆಣ್ಣು ವರ್ಷಕ್ಕೆ 250ರ ಮೇಲೆ ಮೊಟ್ಟೆ ಕೊಡುತ್ತದೆ, ಒಂದೊಂದು 10-12 ಗ್ರಾಂ. ಫಾರಂನ ಅಕ್ಕ ಇದನ್ನು ಬಂದ ಗಿರಾಕಿಗೆಲ್ಲ ಹೇಳುವುದನ್ನು ಕೇಳಿಸಿಕೊಂಡೆ. "ಮೊಟ್ಟೆಗೆ ಅಂದ್ರೆ ಗಂಡು ತಗೋಬೇಡಿ, ಸುಮ್ನೆ ಗಲಾಟೆ" ಅಂತ ತನ್ನ ವ್ಯಾಪಾರವನ್ನೇ ಕಡಿಮೆ ಮಾಡಿಕೊಳ್ಳುವವರು ಕಡಿಮೆ ಅಲ್ವಾ. ಇದಕ್ಕೇ ಅರ್ಧ ಮಾರ್ಕು ಕೊಟ್ಟುಬಿಡಬೇಕು.

ಬೇರೆ ಮಾಡುವುದು ಹೇಗೆ ಅಂದರೆ, ಮಾಮೂಲಿ ಕಂದು ಬಣ್ಣದ ಹಕ್ಕಿಯಲ್ಲಿ ಸುಲಭ. ಮೂರು ವಾರ ದಾಟಿದ ಮೇಲೆ ಗಂಡಿನ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಚುಕ್ಕೆ ಇರುವುದಿಲ್ಲ. ಹೆಣ್ಣಿನ ಎದೆ ತಿಳಿ ಬಣ್ಣ, ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಅಕ್ಕ ಹಕ್ಕಿ ಎತ್ತಿ ಒಂದು ಸಲ ತಿರುಗಿಸಿ ನೋಡಿ ಬುಟ್ಟಿಗೆ ಹಾಕುವ ವೇಗ ನೋಡಬೇಕು. ಕಂದು ಹಕ್ಕಿಯಲ್ಲಿ ನಮಗೆ ಒಂದೂ ತಪ್ಪು ಬಂದಿಲ್ಲ.

ತಕರಾರು ಶುರುವಾಗುವುದು ಬಿಳಿ ಹಕ್ಕಿಯಲ್ಲಿ. ಬಿಳಿ, ಮತ್ತೆ ಎದೆ ಮಾತ್ರ ಬಿಳಿ ಇರುವ ಜಾತಿಗಳಲ್ಲಿ ಎದೆ ನೋಡಿ ಏನೂ ಹೇಳಲು ಆಗುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಹಿಂಭಾಗ ನೋಡಿಯೇ ಹೇಳಬೇಕು. ಗಂಡಿಗೆ ಅಲ್ಲಿ ಗುಂಡಗೆ ಕೆಂಪಗೆ ಒಂದು ಗಂಟು ಊದಿರುತ್ತದೆ. ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಶೇವಿಂಗ್ ಕ್ರೀಮಿನಂಥ ಬಿಳಿ ನೊರೆ ಬರುತ್ತದೆ. ನೊರೆ ಬಂತು ಅಂದರೆ ಗಂಡು, ಮಾತೇ ಇಲ್ಲ. ಆದರೆ ಇದು ಆರನೇ ವಾರದ ಹೊತ್ತಿಗೆ ಕಾಣುವ ಸಂಗತಿ. ನಾಲ್ಕು ವಾರದ ಬಿಳಿ ಹಕ್ಕಿಯನ್ನು 'ಗ್ಯಾರಂಟಿ ಹೆಣ್ಣು' ಅಂತ ಹೆಣ್ಣಿನ ರೇಟಿಗೇ ಕೊಟ್ಟರು. ಮನೆಗೆ ತಂದ ಮೇಲೆ ಅದರಲ್ಲಿ ಕೆಲವು ಕೂಗಲು ಶುರು ಮಾಡಿದವು. ವಾಪಸ್ ತೆಗೆದುಕೊಂಡು ಹೋದಾಗ ಫಾರಂನ ಯಜಮಾನರು "ಹೆಣ್ಣೂ ಒಂದೊಂದ್ಸಲ ಕೂಗ್ತವೆ ಅಕ್ಕಾ" ಅಂತ ಶುರು ಮಾಡಿದರು. ನಾನು ಮಾತಾಡದೆ ಒಂದನ್ನು ಎತ್ತಿ ಒತ್ತಿ ತೋರಿಸಿದೆ. ನೊರೆ ಅವರ ಮೇಜಿನ ಮೇಲೆ ಬಿತ್ತು. ಬದಲಿ ಕೊಟ್ಟರು, ಅದು ಒಪ್ಪಬೇಕು. ಆದರೂ ಬಿಳಿ ಹಕ್ಕಿಗೆ ಆರು ವಾರದ ಮೊದಲು ಗ್ಯಾರಂಟಿ ಅನ್ನುವ ಮಾತು ಆಡಬಾರದು. ಬಿಳಿಯೇ ಬೇಕು ಅಂತ ಮನೆಯಲ್ಲಿ ಮಕ್ಕಳು ಹಟ ಹಿಡಿದರೆ ಎರಡು ವಾರ ಕಾದು ತನ್ನಿ.

ತಳಿ ಬಗ್ಗೆಯೂ ಇವರದು ಸ್ವಲ್ಪ ಬಾಯಿ ಜಾಸ್ತಿ. ಎಲ್ಲವೂ 'ನಾಮಕ್ಕಲ್ ತಳಿ' ಅನ್ನುತ್ತಾರೆ. ನಾಮಕ್ಕಲ್ ಕ್ವೇಲ್, ನಂದನಂ ಕ್ವೇಲ್ ಅಂತ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರ ತಳಿಗಳು ಇರುವುದು ನಿಜ. ಇವರ ಹತ್ತಿರ ಇರುವುದು ಅದೇ ಅನ್ನುವುದಕ್ಕೆ ಬಿಲ್ ಆಗಲಿ ಚೀಟಿ ಆಗಲಿ ಇಲ್ಲ. ಹಿತ್ತಲಿಗೆ ಹತ್ತಿಪ್ಪತ್ತು ಹಕ್ಕಿ ತರುವವರಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ ಬಿಡಿ. ನಾವು ಸಾಕುವುದೆಲ್ಲ ಜಪಾನಿ ಕ್ವೇಲೇ, 1974ರಲ್ಲಿ ನಮ್ಮ ದೇಶಕ್ಕೆ ತಂದದ್ದು.

ಈಗ ಗಂಡುಗಳ ಕಾಟದ ವಿಷಯಕ್ಕೆ ಬರುತ್ತೇನೆ, ವಾಪಸ್ ಸೇವೆ ಯಾಕೆ ಬೇಕು ಅಂತ ಅರ್ಥವಾಗಬೇಕಲ್ಲ. ಕ್ವೇಲ್ ಗಂಡು ಹೆಣ್ಣಿನ ಮೇಲೆ ಏರುವಾಗ ತಲೆಯ ಹಿಂಭಾಗದ, ಕುತ್ತಿಗೆಯ ಪುಕ್ಕವನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣಿದ್ದರೆ ಯಾರಿಗೂ ಜಾಸ್ತಿ ಹೊರೆಯಾಗುವುದಿಲ್ಲ. ಎರಡು ಮೂರು ಗಂಡು ಒಂದೇ ಹೆಣ್ಣಿನ ಹಿಂದೆ ಬಿದ್ದರೆ ದಿನವಿಡೀ ಅದೇ ಕೆಲಸ. ಮೊದಲು ನೆತ್ತಿಯ ಪುಕ್ಕ ಹೋಗುತ್ತದೆ. ಆಮೇಲೆ ಚರ್ಮ ಕೆಂಪಾಗುತ್ತದೆ. ಒಂದು ಹನಿ ರಕ್ತ ಕಂಡರೆ ಮುಗೀತು, ಉಳಿದ ಹೆಣ್ಣುಗಳೂ ಸೇರಿ ಕುಕ್ಕುತ್ತವೆ, ಒಂದೇ ಮಧ್ಯಾಹ್ನದಲ್ಲಿ ನೆತ್ತಿಯ ಚರ್ಮ ಪೂರ್ತಿ ಕಿತ್ತು ಬಂದಿರುತ್ತದೆ. ಗಂಡು ಗಂಡೇ ಜಗಳಕ್ಕೆ ಬಿದ್ದರೆ ಕಣ್ಣಿಗೇ ಗುರಿ. ಸೋತದ್ದು ಮೂಲೆಯಲ್ಲಿ ತಲೆ ತುರುಕಿಕೊಂಡು ನಿಲ್ಲುತ್ತದೆ, ಗೆದ್ದದ್ದು ಬಿಟ್ಟುಬಿಡಬೇಕಲ್ಲ, ಬಿಡುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಹಕ್ಕಿಗೆ ಇಷ್ಟೊಂದು ಕೋಪ ಎಲ್ಲಿಂದ ಬರುತ್ತದೋ.

ಗಾಯವಾದ ಹೆಣ್ಣನ್ನು ಬೇರೆ ಇಟ್ಟು, ಉಪ್ಪುನೀರಲ್ಲಿ ತೊಳೆದು, ಮನುಷ್ಯರಿಗೆ ಹಾಕುವ ಪೋವಿಡೋನ್ ಅಯೋಡಿನ್ ಹಚ್ಚಿದರೆ ಆಶ್ಚರ್ಯವಾಗುವಷ್ಟು ಬೇಗ ಮಾಯುತ್ತದೆ. ನೆತ್ತಿ ಬೋಳಾದದ್ದೂ ಬದುಕಿಕೊಳ್ಳುತ್ತದೆ. ಪುಕ್ಕ ಪೂರ್ತಿ ಬರುವ ತನಕ ಮಾತ್ರ ಗುಂಪಿಗೆ ಸೇರಿಸಬಾರದು. ಕಣ್ಣಿಗೆ ಪೆಟ್ಟಾಗಿದ್ದರೆ ಪಶು ಆಸ್ಪತ್ರೆಗೆ ಒಯ್ಯುವುದೇ ಸರಿ.

ಇಂಥ ಹೊತ್ತಿನಲ್ಲಿ ಈ ಫಾರಂನ ಫೋನ್ ಸಲಹೆ ನಿಜವಾಗಿ ಉಪಯೋಗಕ್ಕೆ ಬಂತು, ಅದಕ್ಕೆ ದುಡ್ಡೂ ಇಲ್ಲ. ಅದೂ ಯಜಮಾನರಲ್ಲ, ಅಕ್ಕನ ಕೈಗೆ ಫೋನ್ ಕೊಡಿ ಅಂತ ಕೇಳಿ. ಯಜಮಾನರು ಎಲ್ಲದಕ್ಕೂ "ಒಂದು ಗಂಡು ಜಾಸ್ತಿ ಇದ್ರೆ ಒಳ್ಳೇದೇ, ಮೊಟ್ಟೆ ಗಟ್ಟಿ ಬರುತ್ತೆ" ಅನ್ನುತ್ತಾರೆ, ಅದು ಶುದ್ಧ ಸುಳ್ಳು. ಅಕ್ಕ ಹೇಳಿದ್ದು ಬೇರೆ. ಗೂಡಿನ ಎದುರು ಸಂಜೆ ಹೊತ್ತು ಅರ್ಧ ಗಂಟೆ ಸುಮ್ಮನೆ ಕೂತು ನೋಡಿ, ಯಾವುದು ಶುರು ಮಾಡುತ್ತದೆ, ಯಾವುದು ಬರೀ ಓಡಿ ತಪ್ಪಿಸಿಕೊಳ್ಳುತ್ತದೆ ಅಂತ. ಶುರು ಮಾಡುವುದರ ಕಾಲಿಗೆ ಬಣ್ಣದ ದಾರ ಕಟ್ಟಿ. ಅದನ್ನು ಮಾತ್ರ ತೆಗೆದು ಎರಡು ದಿನ ನೋಡಿ. ಒಂದೊಂದು ಸಲ ಇಡೀ ಗೂಡು ತಣ್ಣಗಾಗುತ್ತದೆ. ಒಂದೊಂದು ಸಲ ಇಷ್ಟು ದಿನ ಸಾಧುವಾಗಿದ್ದದ್ದೇ ಮೀಸೆ ತಿರುವುತ್ತದೆ, ಆಗ ಅದೂ ಹೊರಗೆ. ಕೊನೆಗೆ ಉಳಿಸಿಕೊಳ್ಳಬೇಕಾದ್ದು ಮೈ ತುಂಬಿಕೊಂಡ, ಆದರೆ ಹೆಣ್ಣಿನ ನೆತ್ತಿ ಬೋಳು ಮಾಡದ ಗಂಡು. ಬಹಳ ಜನ ಎಲ್ಲಕ್ಕಿಂತ ಜೋರಾಗಿ ಕೂಗುವುದನ್ನೇ ಒಳ್ಳೇ ತಳಿ ಅಂತ ಇಟ್ಟುಕೊಳ್ಳುತ್ತಾರೆ, ಮುಂದಿನ ಮರಿಗಳೂ ಅದೇ ಬುದ್ಧಿಯವು ಬಂದರೆ ಅಯ್ಯೋ ಅನ್ನುತ್ತಾರೆ.

ಇನ್ನು ಪಂಜರ. ಇದಕ್ಕೆ ನನ್ನ ಕಡೆಯಿಂದ ಪಾಸ್ ಮಾರ್ಕೂ ಇಲ್ಲ.

ಎರಡು ಅಂತಸ್ತಿನ ತಂತಿ ಪಂಜರ ಅದು. ಮೇಲೆ ಹೆಣ್ಣು, ಕೆಳಗೆ 'ಗಂಡು ಖಾನೆ'. ತಂತಿ ಗಟ್ಟಿಯಾಗಿದೆ, ತುಕ್ಕು ಹಿಡಿದಿಲ್ಲ, ಮೊಟ್ಟೆ ಉರುಳಿ ಮುಂದಕ್ಕೆ ಬರುವ ಇಳಿಜಾರು ಸರಿಯಾಗಿದೆ, ಹಿಕ್ಕೆ ತಟ್ಟೆ ಎಳೆದು ತೆಗೆಯಬಹುದು. ಮಾಡಿದವರಿಗೆ ವೆಲ್ಡಿಂಗ್ ಗೊತ್ತು, ಹಕ್ಕಿ ಗೊತ್ತಿಲ್ಲ. ಎತ್ತರ ಒಂದೂವರೆ ಅಡಿ ಇಟ್ಟಿದ್ದಾರೆ. ಕ್ವೇಲ್ ಹೆದರಿದರೆ ಅಕ್ಕಪಕ್ಕ ಓಡುವುದಿಲ್ಲ, ಬಾಣದ ಹಾಗೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಒಂದು ಅಡಿಗಿಂತ ಕಡಿಮೆ ಎತ್ತರ ಇದ್ದರೆ ವೇಗ ಬರುವ ಮೊದಲೇ ತಡೆಯುತ್ತದೆ, ಪೆಟ್ಟಾಗುವುದಿಲ್ಲ. ಆಳೆತ್ತರ ಇದ್ದರೂ ಪರವಾಗಿಲ್ಲ. ಒಂದೂವರೆ ಅಡಿ ಅಂದರೆ ಸರಿಯಾಗಿ ತಲೆ ಒಡೆದುಕೊಳ್ಳುವಷ್ಟು ವೇಗ ಸಿಗುತ್ತದೆ. ಗಂಡುಗಳ ಜಗಳದಲ್ಲಂತೂ ಸೋತದ್ದು ಮೇಲಕ್ಕೇ ಹಾರುವುದು. ನಾವು ನರ್ಸರಿಯವರ ಹಸಿರು ಶೇಡ್ ನೆಟ್ ತಂದು ಒಳಗೆ ತಾರಸಿ ಥರ ಕಟ್ಟಿದ್ದೇವೆ, ಈಗ ತಲೆ ಬಡಿದರೂ ಮೆತ್ತಗೆ.

ಅದಕ್ಕಿಂತ ದೊಡ್ಡ ದೋಷ ಈ ಮೇಲೆ ಹೆಣ್ಣು, ಕೆಳಗೆ ಗಂಡು ಅನ್ನುವ ಯೋಚನೆ. ಗಂಡುಗಳನ್ನೇ ಒಟ್ಟಿಗೆ ಸಾಕುವುದು ಸಾಧ್ಯವಿಲ್ಲ ಅಂತಲ್ಲ. ಮರಿಯಿಂದ ಜತೆಗೆ ಬೆಳೆದವು ಆಗಿರಬೇಕು, ನಡುವೆ ಹೊಸದನ್ನು ಸೇರಿಸಬಾರದು, ಒಂದೊಂದಕ್ಕೆ ಒಂದು ಚದರಡಿಯಾದರೂ ಜಾಗ ಇರಬೇಕು, ಒಳಗೆ ಇಟ್ಟಿಗೆ, ರಟ್ಟು, ಒಣ ಸೋಗೆ ಏನಾದರೂ ಅಡ್ಡ ಇಟ್ಟು ಒಂದಕ್ಕೊಂದು ಕಾಣದ ಹಾಗೆ ಮಾಡಬೇಕು. ಇಷ್ಟಾದರೂ ಒಂದರ ಮೇಲೊಂದು ಏರುವುದು ನಿಲ್ಲುವುದಿಲ್ಲ, ಅದು ಅವುಗಳ ಸ್ವಭಾವ. ರಕ್ತ ಬಾರದಿದ್ದರೆ ಸಾಕು. ಆದರೆ ಎಲ್ಲಕ್ಕಿಂತ ಮುಖ್ಯ, ಹೆಣ್ಣು ಕಣ್ಣಿಗೂ ಬೀಳಬಾರದು, ಕಿವಿಗೂ ಬೀಳಬಾರದು. ಈ ಪಂಜರದಲ್ಲಿ ಹೆಣ್ಣುಗಳ ಕಾಲ ಸಪ್ಪಳ ಕೂಡ ತಲೆ ಮೇಲೆಯೇ. ಹೆಣ್ಣಿನ ಜತೆ ಇರುವ ಗಂಡು ಅಷ್ಟಾಗಿ ಕೂಗುವುದಿಲ್ಲ, ಹೆಣ್ಣಿಲ್ಲದ್ದು ಬೆಳಗಿನ ಜಾವದಿಂದಲೇ ಗಂಟಲು ಹರಿಯುವ ಹಾಗೆ ಕೂಗುತ್ತದೆ. ಕೋಳಿ ಹುಂಜದ ಕೂಗಿನಷ್ಟು ದೂರ ಹೋಗುವುದಿಲ್ಲ, ಆದರೆ ಪಕ್ಕದ ಮನೆ ಕಿಟಕಿಗೆ ಧಾರಾಳ ಸಾಕು. ಪಕ್ಕದ ಮನೆಯ ಆಂಟಿ ಮೊಟ್ಟೆ ಕೊಟ್ಟಾಗ ಒಂದು ವಾರ ಸುಮ್ಮನಿರುತ್ತಾರೆ.

ಬೆಳಕಿನ ವಿಷಯವೂ ಹೀಗೇ. ಹೆಣ್ಣು ಚೆನ್ನಾಗಿ ಮೊಟ್ಟೆ ಇಡಬೇಕು ಅಂದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಅದಕ್ಕೆ ಪಂಜರದ ಜತೆ ಟೈಮರ್ ಹಾಕಿದ ಬಲ್ಬನ್ನೂ ಮಾರುತ್ತಾರೆ. ಅದೇ ಬೆಳಕು ಗಂಡಿಗೆ ಮದ ಏರಿಸುತ್ತದೆ. ಅದರ ಬದಲು ದಿನಕ್ಕೆ ಎಂಟು ಗಂಟೆ ಬೆಳಕು ಮಾತ್ರ ಕೊಟ್ಟರೆ ಗಂಡಿನ ಬೀಜ ಕುಗ್ಗಿ, ನೊರೆಗಂಟು ಚಿಕ್ಕದಾಗಿ, ಕೆಲವು ವಾರಗಳಲ್ಲಿ ಕೂಗೂ ಜಗಳವೂ ಇಳಿಯುತ್ತವೆ. ಔಷಧಿ ಇಲ್ಲ, ಖರ್ಚಿಲ್ಲ. ಚಳಿ ದೇಶಗಳಲ್ಲಿ ಚಳಿಗಾಲ ಬಂದರೆ ಈ ಕೆಲಸ ತಾನಾಗೇ ಆಗುತ್ತದೆ. ನಮ್ಮ ಕಡೆ ಡಿಸೆಂಬರ್‌ನಲ್ಲೂ ಹಗಲು ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ, ಹಾಗಾಗಿ ನಾವೇ ಕತ್ತಲೆ ಮಾಡಬೇಕು. ಗಂಡು ಖಾನೆಗೆ ಅಂತ ಇವರು ಕೊಡುವುದು ಕಪ್ಪು ಟಾರ್ಪಾಲಿನ ಪರದೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಅದನ್ನು ಇಳಿಬಿಟ್ಟು ಒಳಗೆ ಕೈ ಹಾಕಿ ನೋಡಿ, ಹಕ್ಕಿ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿರುತ್ತದೆ. ನಾವು ಟಾರ್ಪಾಲ್ ಕಿತ್ತು ಹಾಕಿ ಗೋಣಿಚೀಲ ಎರಡು ಪದರ ಹೊಲಿದು ಕಟ್ಟಿದೆವು. ಸಂಜೆ ನಾಲ್ಕಕ್ಕೆ ಇಳಿಸಿ, ಮಾರನೇ ದಿನ ಎಂಟು ಗಂಟೆಗೆ ತೆಗೆಯುವುದು. ಬಿಸಿಲೇರುವ ಹೊತ್ತಿನಲ್ಲಿ ಮುಚ್ಚುವ ಪ್ರಮೇಯವೇ ಬರುವುದಿಲ್ಲ. ಖಾನೆಯನ್ನೂ ಕತ್ತರಿಸಿ ಬೇರೆ ಮಾಡಿಸಿ ಮನೆಯ ಇನ್ನೊಂದು ಪಕ್ಕದ ತೆಂಗಿನ ಮರದ ನೆರಳಿಗೆ ಇಟ್ಟಿದ್ದೇವೆ. ಅಲ್ಲಿಗೆ ಪಂಜರದ ರೇಟಿನ ಮೇಲೆ ವೆಲ್ಡಿಂಗ್ ಅಂಗಡಿಯವನಿಗೂ ಕೊಟ್ಟಂತಾಯಿತು. ಇದರ ಬದಲು ಅರ್ಧ ಇಂಚಿನ ಜಾಲರಿ ತಂದು ಮನೆಯಲ್ಲೇ ಕಟ್ಟಿಕೊಳ್ಳುವುದು ಒಳ್ಳೆಯದು.

ಗಂಡು ಖಾನೆ ಎಷ್ಟೇ ಚೆನ್ನಾಗಿದ್ದರೂ ಎಷ್ಟು ದಿನ ಅಂತ ಗಂಡುಗಳಿಗೆ ತಿಂಡಿ ಹಾಕುತ್ತೀರಿ? ಹಾಗಾಗಿ ವಾಪಸ್ ಸೇವೆಯೇ ಈ ಫಾರಂನ ನಿಜವಾದ ಬೆಲೆ. ನಿಯಮ ಸರಳ. ಹಕ್ಕಿ ಆರೋಗ್ಯವಾಗಿರಬೇಕು, ರಕ್ತಗಾಯ ಇರಬಾರದು, ಹಿಂದಿನ ದಿನ ಫೋನ್ ಮಾಡಿರಬೇಕು. ಒಂದಕ್ಕೆ 25 ರೂಪಾಯಿ ಲೆಕ್ಕ ಹಿಡಿಯುತ್ತಾರೆ, ದುಡ್ಡಾದರೂ ಕೊಡುತ್ತಾರೆ, ಹೆಣ್ಣು ಕೊಳ್ಳುವಾಗ ಕಳೆದುಕೊಳ್ಳಲೂ ಬಹುದು. ಮಾಂಸದ ರೇಟಿಗೆ ಇದು ಕಡಿಮೆಯೇ. ಆದರೆ ಪರ್ಯಾಯ ಏನಿದೆ? ಮೊಬೈಲಲ್ಲಿ ಜಾಹೀರಾತು ಹಾಕಿದರೆ 'ಒಂದು ಕೊಡಿ, ಮಗುಗೆ ಆಟಕ್ಕೆ' ಅಂತ ಬರುವವರೇ ಜಾಸ್ತಿ.

ವಾಪಸ್ ಹೋದ ಗಂಡು ಎಲ್ಲಿಗೆ ಹೋಗುತ್ತದೆ ಅಂತ ನಾನು ನೇರವಾಗಿ ಕೇಳಿದೆ. ಯಜಮಾನರು ಮುಚ್ಚಿಡಲಿಲ್ಲ. "ಹೋಟ್ಲಿಗೆ ಅಕ್ಕಾ, ಇನ್ನೆಲ್ಲಿಗೆ" ಅಂದರು. 'ಒಳ್ಳೇ ಮನೆಗೆ ಕೊಡುತ್ತೇವೆ' ಅಂತ ಕಥೆ ಹೇಳುವವರಿಗಿಂತ ಇದು ಮೇಲು. ಮಕ್ಕಳು ಹೆಸರಿಟ್ಟಿರುವ ಹಕ್ಕಿಯಾದರೆ ಮನೆಯಲ್ಲಿ ಏನು ಹೇಳಬೇಕು ಅನ್ನುವುದನ್ನು ನೀವು ಮೊದಲೇ ಯೋಚಿಸಿಕೊಳ್ಳಿ.

ಒಳ್ಳೆಯದು ಇನ್ನೊಂದು, ವಾಪಸ್ ಬಂದ ಹಕ್ಕಿಯನ್ನು ಮಾರುವ ಗುಂಪಿನ ಹತ್ತಿರವೂ ಬಿಡುವುದಿಲ್ಲ, ಬೇರೆ ಶೆಡ್ಡಿಗೇ ಹೋಗುತ್ತದೆ. ಹತ್ತು ಮನೆಯ ಹಕ್ಕಿ ಬಂದು ಹೋಗುವ ಜಾಗದಲ್ಲಿ ಇದು ಬಹಳ ಮುಖ್ಯ. ಕೋಳಿ ಜತೆ ಬೆರೆತು ಬಂದ ಹಕ್ಕಿ ರೋಗ ಹೊತ್ತು ತರಬಹುದು. ಆದರೆ ಅದೇ ಶಿಸ್ತನ್ನು ನಮಗೆ ಹೇಳಿಕೊಡುವುದಿಲ್ಲ ನೋಡಿ. ಬದಲಿ ಹೆಣ್ಣು ಕೊಡುವಾಗ "ರಾತ್ರಿ ಹಾಗೇ ಗೂಡಿಗೆ ಬಿಟ್ಬಿಡಿ, ಬೆಳಗ್ಗೆ ಹೊಂದ್ಕೊಂಡಿರ್ತವೆ" ಅನ್ನುತ್ತಾರೆ. ಕತ್ತಲಲ್ಲಿ ಸೇರಿಸುವುದು ಸರಿಯೇ, ಜಗಳ ಕಡಿಮೆ. ಅದಕ್ಕೆ ಮೊದಲು ಎರಡು ಮೂರು ವಾರ ಹೊಸದನ್ನು ದೂರ ಇಟ್ಟು ನೋಡಿರಬೇಕು. ಸೇರಿಸುವ ದಿನ ಗೂಡಿನೊಳಗಿನ ಇಟ್ಟಿಗೆ, ತಟ್ಟೆ ಎಲ್ಲ ಜಾಗ ಬದಲಾಯಿಸಿ ಇಟ್ಟರೆ ಹಳೆಯವಕ್ಕೂ ಅದು ಹೊಸ ಮನೆ, 'ನಮ್ಮ ಜಾಗ' ಅನ್ನುವ ಜೋರು ಇರುವುದಿಲ್ಲ.

ನನಗೆ ಸಿಟ್ಟು ಬಂದದ್ದು ಒಂದು ಕಡೆ. ವಾಪಸ್ ಬಂದ ಬೇರೆ ಬೇರೆ ಮನೆಯ ಗಂಡುಗಳನ್ನೆಲ್ಲ ಒಂದೇ ಕ್ರೇಟಿಗೆ ಸುರಿಯುತ್ತಾರೆ. ಅವರು ಚೀಟಿ ಬರೆದು ದುಡ್ಡು ಎಣಿಸುವಷ್ಟರಲ್ಲಿ ಕ್ರೇಟಿನೊಳಗೆ ಎರಡು ಹಕ್ಕಿಯ ನೆತ್ತಿ ಒದ್ದೆಯಾಗಿತ್ತು. ಸಾಯುವ ಹಕ್ಕಿ ಅಂತ ಹಿಂಸೆ ಕೊಡಬಹುದಾ? ಕೇಳಿದೆ. ಯಜಮಾನರು ನಕ್ಕರು, ಅಕ್ಕ ನಗಲಿಲ್ಲ. ಆಮೇಲೆ ಹೋದಾಗ ಕ್ರೇಟಿನೊಳಗೆ ರಟ್ಟು ಕತ್ತರಿಸಿ ಅಡ್ಡ ಸಿಕ್ಕಿಸಿದ್ದರು, ಮೇಲೆ ಒದ್ದೆ ಗೋಣಿ ಹೊದಿಸಿ ಕತ್ತಲೆ ಮಾಡಿದ್ದರು. ಕತ್ತಲಾದರೆ ಕ್ವೇಲ್ ಕೂತುಬಿಡುತ್ತದೆ. ಹೇಳಿದರೆ ತಿದ್ದಿಕೊಳ್ಳುವ ಬುದ್ಧಿ ಇದೆ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಗಂಡು ಜಾಸ್ತಿಯಾಯಿತು ಅಂತ ಹೊಲಕ್ಕೋ ಕುರುಚಲು ಕಾಡಿಗೋ ಬಿಟ್ಟುಬರುವವರಿದ್ದಾರೆ, 'ಪಾಪ, ಬದುಕಿಕೊಳ್ಳಲಿ' ಅಂತ. ಪಂಜರದಲ್ಲಿ ಹುಟ್ಟಿದ ಹಕ್ಕಿ ಹೊರಗೆ ಮುಂಗುಸಿಗೋ ನಾಯಿಗೋ ಸಿಕ್ಕೇ ಸಿಗುತ್ತದೆ. ಬದುಕಿತು ಅಂದರೆ ಇನ್ನೂ ಕಷ್ಟ. ಯುರೋಪಿನಲ್ಲಿ ಹೀಗೆ ಬಿಟ್ಟ ಜಪಾನಿ ಕ್ವೇಲ್ ಅಲ್ಲಿನ ಕಾಡು ಕ್ವೇಲ್ ಜತೆ ಬೆರೆತು ಮಿಶ್ರ ತಳಿ ಆದದ್ದು ದಾಖಲಾಗಿದೆ. ನಮ್ಮ ಬಯಲಿನಲ್ಲೂ ಕಾಡು ಕ್ವೇಲ್‌ಗಳಿವೆ, ಅವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವುದು ಅಪರಾಧ. 'ಗೌಜಲಕ್ಕಿ ಇದೆ, ಕಾಡಿಂದು' ಅಂತ ಯಾರಾದರೂ ರಸ್ತೆ ಬದಿ ಕರೆದರೆ ಹತ್ತಿರವೂ ಹೋಗಬೇಡಿ.

ಕ್ಲೀನ್ ಮಾಡಿ ಕೊಡುವ ಸೇವೆ ಭಾನುವಾರ ಬೆಳಗ್ಗೆ ಮಾತ್ರ. ಐದಾರು ವಾರದ ಗಂಡು ಇದಕ್ಕೆ ಸರಿಯಾದ ವಯಸ್ಸು, ಇನ್ನೂ ಜಗಳ ಶುರುವಾಗಿರುವುದಿಲ್ಲ, ಮಾಂಸವೂ ಎಳೆಯದು. ಅಂದರೆ ಕಾಟ ಕೊಡುವ ತನಕ ಕಾಯುವುದೇ ದಡ್ಡತನ. ಇದನ್ನು ಅಕ್ಕ ಹೇಳುವುದು ಹೀಗೆ: "ಕೂಗೋಕೆ ಮುಂಚೆ ಕರ್ಕೊಂಡ್ ಬನ್ನಿ." ಜೀವ ತೂಕ 150ರಿಂದ 200 ಗ್ರಾಂ, ಕ್ಲೀನ್ ಆದ ಮೇಲೆ ಸುಮಾರು 70 ಪರ್ಸೆಂಟ್ ಸಿಗುತ್ತದೆ, ತಲೆಗೆ ಎರಡು ಹಕ್ಕಿ ಇಲ್ಲದೆ ಊಟ ಆಗುವುದಿಲ್ಲ. ಚರ್ಮ ಸಮೇತ ಬೇಕಾದರೆ ಪುಕ್ಕ ಕೀಳಬೇಕು, ಅದಕ್ಕೆ ಹೆಚ್ಚು ಚಾರ್ಜ್. ಚರ್ಮ ಬೇಡ ಅಂದರೆ ಎದೆಯ ಹತ್ತಿರ ಒಂದು ಸೀಳು ಹಾಕಿ ಅಂಗಿ ಕಳಚಿದ ಹಾಗೆ ಪುಕ್ಕ ಸಮೇತ ಎಳೆದುಬಿಡುತ್ತಾರೆ, ಒಂದು ನಿಮಿಷವೂ ಬೇಡ. ಕೊಯ್ಯುವ ಹುಡುಗನ ಕೈ ಚುರುಕು, ಹಕ್ಕಿ ಒದ್ದಾಡುವುದಿಲ್ಲ. ಆದರೆ ತೊಳೆಯುವ ಡ್ರಮ್ಮಿನ ನೀರನ್ನು ಆಗಾಗ ಬದಲಾಯಿಸಬೇಕು, ಕೇಳಿದರೆ ಮಾತ್ರ ಬದಲಾಯಿಸುತ್ತಾರೆ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಕೊಡುವುದೂ ಸರಿಯಿಲ್ಲ. ಮನೆಯಿಂದ ಐಸ್ ಹಾಕಿದ ಡಬ್ಬಿ ಒಯ್ಯಿರಿ, ತಂದ ಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿ ಬಿಡಿ. ಅವತ್ತೇ ಒಲೆ ಮೇಲಿಟ್ಟರೆ ರಬ್ಬರ್.

ನಮ್ಮ ಅತ್ತೆ ಮೊದಮೊದಲು "ಇದರಲ್ಲಿ ಏನಿದೆ ಅಂತ, ಬರೀ ಮೂಳೆ" ಅನ್ನುತ್ತಿದ್ದರು. ಈಗ ಹಸಿ ಕಾಳುಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಒರಳಲ್ಲಿ ಜಜ್ಜಿ, ಇಡೀ ಹಕ್ಕಿಯನ್ನೇ ಬಾಣಲೆಗೆ ಹಾಕಿ ಮುಚ್ಚಿ ಬೇಯಿಸಿ, ಕೊನೆಗೆ ನಿಂಬೆಹುಳಿ ಹಿಂಡುತ್ತಾರೆ. ಮುದ್ದೆ ಜತೆ ಅದರ ಗಸಿ ಇದ್ದರೆ ಬೇರೆ ಸಾರು ಬೇಡ. ಚರ್ಮ ತೆಗೆದದ್ದಾದರೆ ಎಣ್ಣೆ ಸ್ವಲ್ಪ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಎದೆ ಭಾಗ ಒಣಗುತ್ತದೆ.

ಐದಕ್ಕೆ ಎಷ್ಟು ಅಂದರೆ, ಬೇರೆ ಮಾಡಿದ ಕಂದು ಹಕ್ಕಿಗೆ ಐದು, ಬಿಳಿ ಹಕ್ಕಿಗೆ ಎರಡು, ವಾಪಸ್ ಸೇವೆಗೆ ನಾಲ್ಕು, ಕ್ಲೀನಿಂಗಿಗೆ ಮೂರು, ಪಂಜರಕ್ಕೆ ಒಂದು, ಅದೂ ಮೊಟ್ಟೆ ಉರುಳುವ ಇಳಿಜಾರಿಗೆ. ಹೋಗುವವರು ಗುರುವಾರದ ಒಳಗೆ ಫೋನ್ ಮಾಡಿ, ಶನಿವಾರ ಹೋಟೆಲಿನವರು ಬಂದು ಹೋದ ಮೇಲೆ ಒಳ್ಳೆಯ ಹೆಣ್ಣು ಉಳಿದಿರುವುದಿಲ್ಲ. ರಟ್ಟಿನ ಡಬ್ಬಿ ನೀವೇ ಒಯ್ಯಿರಿ, ಪಕ್ಕದಲ್ಲಿ ತೂತು ಮಾಡಿ, ಮೇಲೆ ಮಾಡಬೇಡಿ, ಬೆಳಕು ಕಂಡರೆ ಹಾರುತ್ತವೆ. ಅವರ ಹಳೇ ಟ್ರೇ ಕೊಡಲು ಬಂದರೆ ಬೇಡ ಅನ್ನಿ, ರೋಗ ಅಂಟಿಕೊಂಡು ಬರಬಹುದು. ನಿಮ್ಮ ಡಬ್ಬಿಯನ್ನೂ ಮನೆಗೆ ಬಂದ ಮೇಲೆ ಸುಟ್ಟುಬಿಡಿ.